ರಿಮೇಕ್ ಬರೆಯುವ ಮಗಳಿಗೆ

ಲಿಂಗಸುಗೂರು
ಭಾನುವಾರ, ರಾತ್ರಿ

ನನ್ನವ್ವಾ,

ನೀನು ಫೋನಿನಲ್ಲಿ ಹೇಳಿದ ಸುದ್ದಿಯನ್ನು ನಿಮ್ಮಪ್ಪ ಆಗಲೇ ಓಣಿಗೆಲ್ಲ ಹಂಚಿ ಬಂದಿದ್ದಾರೆ. ಮಗಳು ಬೆಂಗಳೂರಿನಲ್ಲಿ ಧಾರಾವಾಹಿಗೆ ಮಾತು ಬರೆಯುತ್ತಾಳೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಈಗ ಕತೆಯ ಹೊಣೆಯೂ ನಿನ್ನ ಮೇಲೆ ಬಂತು ಅಂದಕೂಡಲೇ ಹಟ್ಟಿ ಗಣಿಯ ಅವರ ಹಳೆಯ ಗೆಳೆಯರಿಗೆಲ್ಲ ಫೋನು ಹೋಯಿತು. ನನಗೂ ಹೆಮ್ಮೆಯೇ. ಆದರೆ ಕೊನೆಗೆ ನೀನು ದನಿ ಇಳಿಸಿ, "ಅವ್ವಾ, ಭಾಳ ಏನೂ ಹೇಳ್ಕೋಬ್ಯಾಡ, ಅದು ನನ್ನ ಸ್ವಂತ ಕತಿ ಅಲ್ಲ, ಹಳೇ ಸೀರಿಯಲ್ದು ರಿಮೇಕು" ಅಂದೆಯಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ಅರ್ಧಕ್ಕೇ ನಿನ್ನನ್ನು ಯಾರಾದರೂ ಕರೆಯುತ್ತಾರೆ. ಅದಕ್ಕೇ ಕಾಗದ ಹಿಡಿದು ಕೂತೆ. ಬಿಡುವಾದಾಗ ಓದು.

ಊರ ಸುದ್ದಿ ಮೊದಲು. ಅಜ್ಜಿ ಸಿಂಧನೂರಿನಲ್ಲಿ ಮಾವನ ಮನೆಯಲ್ಲಿ ಆರಾಮ ಇದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ಟಿವಿ ಸದ್ದು ಎದುರು ಮನೆಗೂ ಕೇಳುವಷ್ಟು ಇಡುತ್ತಾಳೆ. ಮಾವ ಈಗಲೂ ಕಾಲುವೆಯದೇ ಚಿಂತೆಯಲ್ಲಿದ್ದಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಅವತ್ತಿನಿಂದ ಅವನಿಗೆ ಡ್ಯಾಮಿನ ನೀರಿನ ಮಟ್ಟ ನೋಡದೆ ಬೆಳಗಿನ ಚಹಾ ಇಳಿಯುವುದಿಲ್ಲ. ನಾಟಿ ಮಾಡಿದ ಗದ್ದೆ ಎದುರಿಗಿತ್ತು, ನೀರು ನದಿಗೆ ಹರಿದುಹೋಗುತ್ತಿತ್ತು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಬೆಳೆ ಉಳಿಯಿತು. ಆ ವಾರ ಸಿಂಧನೂರಿನ ಮನೆಮನೆಗಳಲ್ಲಿ ಏನು ನಡೆಯಿತು ಅನ್ನುವುದು ಯಾವ ಧಾರಾವಾಹಿಯಲ್ಲೂ ಬರಲಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಹೇಳುತ್ತೇನೆ.

ರಿಮೇಕ್ ಅಂದರೆ ನಾಚಿಕೊಳ್ಳುವ ಕೆಲಸ ಅಂತ ನಿನಗೆ ಯಾರು ಹೇಳಿದರು? ಸಿಂಧನೂರು ತಾಲ್ಲೂಕಿನ ಅಂಬಾಮಠಕ್ಕೆ ನಿನ್ನನ್ನು ಜಾತ್ರೆಗೆ ಕರೆದೊಯ್ಯುತ್ತಿದ್ದೆವು. ಅಲ್ಲಿದ್ದ ಚಿದಾನಂದಾವಧೂತರು ಸಂಸ್ಕೃತದ ದೇವೀ ಮಹಾತ್ಮೆಯನ್ನು ಕನ್ನಡದ ಷಟ್ಪದಿಗೆ ತಂದರು. ನವರಾತ್ರಿ ಬಂತೆಂದರೆ ನಮ್ಮ ಕಡೆ ಗುಡಿಗುಡಿಗಳಲ್ಲಿ ಪುರಾಣ ಹಚ್ಚುವುದು ಅದನ್ನೇ. ರಕ್ತಬೀಜ ಸಾಯುತ್ತಾನೆ ಅನ್ನುವುದು ಅಜ್ಜಿಗೆ ಹುಟ್ಟಿದಾಗಿನಿಂದ ಗೊತ್ತು, ಆದರೂ ಆ ಸಂಧಿ ಬಂದ ದಿನ ಅವಳು ಅಡುಗೆಯನ್ನು ಬೇಗ ಮುಗಿಸಿ ಹೋಗಿ ಮುಂದೆಯೇ ಕೂರುತ್ತಾಳೆ. ಭಾರತದ ಕತೆಯನ್ನೇ ತೆಗೆದುಕೋ. ಪಂಪ 941ರ ಹೊತ್ತಿಗೆ ಅದನ್ನು ಕನ್ನಡದಲ್ಲಿ ಹೇಳಿದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆಮೇಲೆ ಬಂದ ಗದುಗಿನ ನಾರಣಪ್ಪ ಅದೇ ಕತೆಯನ್ನು ಕೃಷ್ಣನ ಕತೆಯಾಗಿ ಹಾಡಿದ. ಇಬ್ಬರಲ್ಲಿ ಯಾರೂ 'ಇದು ನನ್ನ ಕತೆಯಲ್ಲ' ಅಂತ ದನಿ ಇಳಿಸಲಿಲ್ಲ. ಹೇಳಿದ ಕತೆಯನ್ನು ಮತ್ತೆ ಹೇಳುವುದು ನಮ್ಮಲ್ಲಿ ಎಂದೂ ಕೀಳಾಗಿರಲಿಲ್ಲ ಮಗಳೇ. ಮತ್ತೆ ಯಾಕೆ ಹೇಳುತ್ತಿದ್ದೇನೆ ಅನ್ನುವುದು ಹೇಳುವವನಿಗೆ ಗೊತ್ತಿರಬೇಕು, ಅಷ್ಟೇ ಕೇಳುತ್ತಿದ್ದರು.

ನಮ್ಮ ಜಿಲ್ಲೆಗೆ ಟಿವಿ ಬಂದದ್ದು ಬೆಂಗಳೂರಿಗಿಂತ ಮೊದಲು ಅಂತ ನಿನ್ನ ಆಫೀಸಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಟಿವಿ ಹಚ್ಚಿದರು. 'ಸೈಟ್' ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಸೈಟ್ ನಡೆದಾಗ ನಾನು ಸಣ್ಣವಳು. ನಿನ್ನ ಅಜ್ಜ ಮಾಸ್ತರಿಕೆ ಮಾಡುತ್ತಿದ್ದ ಹಳ್ಳಿಯ ಶಾಲೆಗೆ ಒಂದು ಪೆಟ್ಟಿಗೆ ಬಂದಿತ್ತು, ಹೊರಗೆ ತಂತಿಜಾಳಿಗೆಯ ದೊಡ್ಡ ಛತ್ರಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು. ವರ್ಷ ಮುಗಿದು ಉಪಗ್ರಹ ಆಚೆ ಸರಿಯಿತು, ಪೆಟ್ಟಿಗೆ ಸುಮ್ಮನಾಯಿತು. "ನಮ್ಮ ಮಂದಿಗಿ ರುಚಿ ಹಚ್ಚಿ ಬಿಟ್ಟು ಹೋದ್ರು" ಅಂತ ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು. ಇದನ್ನು ಬರೆದದ್ದು ಯಾಕೆಂದರೆ, ನೀನು ಬರೆಯುವುದನ್ನು ನೋಡುವ ರಾಯಚೂರಿನ ಮುದುಕಿಗೆ ಟಿವಿ ನಿನ್ನೆ ಮೊನ್ನೆಯದಲ್ಲ. ಅವಳು ಬಹಳ ನೋಡಿದ್ದಾಳೆ. ಹಳೆಯದು ಯಾವುದು, ಹೊಸದು ಯಾವುದು, ಯಾವುದರಲ್ಲಿ ಜೀವ ಇದೆ ಅನ್ನುವುದು ಅವಳಿಗೆ ತಿಳಿಯುತ್ತದೆ.

1987ರ ಜನವರಿ 25ರಂದು ರಮಾನಂದ ಸಾಗರರ ರಾಮಾಯಣ ಶುರುವಾಯಿತು. ಆಗ ನಾವು ಸಿಂಧನೂರಿನಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಓಣಿಯ ಅಕ್ಕಿ ಗಿರಣಿ ಸಾಹುಕಾರರ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಿರಣಿಯ ಹಮಾಲರು, ಕ್ಯಾಂಪಿನಿಂದ ಬಂದ ತೆಲುಗಿನವರು, ಸಂತೆಗೆ ಬಂದ ಆರ್.ಎಚ್. ಕ್ಯಾಂಪಿನ ಬಂಗಾಳಿಗಳು, ನಮ್ಮ ಬಾಜೂ ಮನೆಯ ಫೂಫಿ, ಎಲ್ಲರೂ ಇರುತ್ತಿದ್ದರು. ಅಜ್ಜಿಗೆ ಹಿಂದಿಯ ಒಂದು ಮಾತೂ ಬರುತ್ತಿರಲಿಲ್ಲ. ಫೂಫಿ ಪಕ್ಕದಲ್ಲಿ ಕೂತು ಆಗಾಗ ಹೇಳುತ್ತಿದ್ದಳು, ರಾಮನ ಕತೆಯನ್ನು ಅಜ್ಜಿಗೆ ಬಿಡಿಸಿ ಹೇಳುತ್ತಿದ್ದವಳು ಅವಳೇ. ಮರುವರ್ಷ ಬಿ.ಆರ್. ಚೋಪ್ರಾರ ಮಹಾಭಾರತ ಬಂದಾಗಲೂ ಹೀಗೆಯೇ. ರಾಹಿ ಮಾಸೂಮ್ ರಝಾ ಬರೆದ ಆ ಮಾತುಗಳ ತೂಕ ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಅಜ್ಜಿ 94 ಕಂತುಗಳನ್ನೂ ಹೆಚ್ಚುಪಾಲು ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

2020ರ ಲಾಕ್‌ಡೌನಿನಲ್ಲಿ ನೀನು ಮನೆಯಲ್ಲೇ ಇದ್ದೆ, ನಿನಗೂ ನೆನಪಿರಬೇಕು. ಮಾರ್ಚ್ 28ರಿಂದ ದೂರದರ್ಶನ ಅದೇ ಹಳೆಯ ರಾಮಾಯಣವನ್ನು ಮತ್ತೆ ಹಾಕಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರು ಅಂತ ಅವರೇ ಹೇಳಿಕೊಂಡರು. ನೀನು ಆಗ ಕೇಳಿದ್ದೆ, ಇದೇ ಸಾಗರ್ ಮನೆತನದವರು 2008ರಲ್ಲಿ ಎನ್‌ಡಿಟಿವಿ ಇಮ್ಯಾಜಿನ್ ಚಾನೆಲ್ಲಿಗೆ ಇದಕ್ಕಿಂತ ಚೆಂದದ ಬಟ್ಟೆಬರೆ, ಇದಕ್ಕಿಂತ ಚೆಂದದ ಅರಮನೆ ಇಟ್ಟು ಹೊಸ ರಾಮಾಯಣ ಮಾಡಿದ್ದರಲ್ಲ, ಅದನ್ನು ಯಾಕೆ ಯಾರೂ ಕೇಳುತ್ತಿಲ್ಲ ಅಂತ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅನ್ನಿಸುವುದು ಇಷ್ಟು: ಹಳೆಯದು ನಿಧಾನವಾಗಿತ್ತು, ನೋಡುವವರು ತಮ್ಮ ರಾಮನನ್ನು ಅದರೊಳಗೆ ತಂದು ಕೂರಿಸಿಕೊಳ್ಳಲು ಅದರಲ್ಲಿ ಜಾಗ ಇತ್ತು. ಹೊಸದು ಆ ಜಾಗವನ್ನೆಲ್ಲ ಬಣ್ಣದಿಂದ, ಸಂಗೀತದಿಂದ ತುಂಬಿಬಿಟ್ಟಿತು.

ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ನಡೆಯಿತು, ಅದಕ್ಕೇ ನಾನು ಹಳೆಯದರ ಪಕ್ಷ ಮಾತ್ರ ವಹಿಸಲಾರೆ. 2013ರಲ್ಲಿ ಸ್ಟಾರ್ ಪ್ಲಸ್ಸಿನಲ್ಲಿ ಬಂದ ಹೊಸ ಮಹಾಭಾರತವನ್ನು ಸ್ಟಾರ್ ಸುವರ್ಣದವರು ಕನ್ನಡಕ್ಕೆ ಡಬ್ ಮಾಡಿ ಹಾಕಿದರು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಟ್ಟು ದಶಕಗಳಿಂದ ಇತ್ತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರಲ್ಲಿತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ, ಈಗ ನೀನೂ ಆ ಅನ್ನವನ್ನೇ ಉಣ್ಣುತ್ತೀ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದು ಅಂತ ಆದೇಶ ಮಾಡಿದ ಮೇಲೆ ದಾರಿ ಸಡಿಲವಾಯಿತು. ಅಜ್ಜಿಗೆ ಇದೆಲ್ಲ ಗೊತ್ತಿಲ್ಲ. ದ್ಯೂತದ ಕಂತು ಬಂದ ರಾತ್ರಿ ಅವಳು ನಮ್ಮ ಮನೆಯಲ್ಲಿದ್ದಳು. ನೀನು ಮೊಬೈಲು ನೋಡುತ್ತಾ ಕೂತಿದ್ದೆ. ಧರ್ಮರಾಯ ತನ್ನನ್ನು ಮೊದಲು ಸೋತನೋ, ನನ್ನನ್ನು ಮೊದಲು ಸೋತನೋ ಅಂತ ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದಾಗ ಅಜ್ಜಿ ಎದ್ದು ಕೂತು, "ಕೇಳವ್ವಾ ಕೇಳು, ಬಿಡಬ್ಯಾಡ ಅವರ್ನ" ಅಂದಳು. ರೂಪಾ ಗಂಗೂಲಿಯ ದ್ರೌಪದಿ ಅಳುವುದನ್ನು ಅವಳು ಮೂವತ್ತು ವರ್ಷದ ಹಿಂದೆಯೇ ಕಂಡಿದ್ದಳು. ಆ ಪೆಟ್ಟಿಗೆಯಲ್ಲಿ ದ್ರೌಪದಿ ವಾದ ಮಾಡುವುದನ್ನು ಕೇಳಿಸಿಕೊಂಡದ್ದು ಅವತ್ತೇ ಮೊದಲು. ನನಗೆ ಆ ಹೊಸ ಮಹಾಭಾರತದ ಬಗ್ಗೆ ತಕರಾರು ಬಹಳ. 267 ಕಂತು, ಒಂದು ಮಾತಿಗೆ ಎಲ್ಲರ ಮುಖವನ್ನೂ ಮೂರು ಮೂರು ಸಲ ತೋರಿಸುವುದು, ಕೃಷ್ಣ ಪ್ರತಿಯೊಂದಕ್ಕೂ ವಿವರಣೆ ಕೊಡುವುದು. ಆದರೂ ಆ ಒಂದು ರಾತ್ರಿಗಾಗಿ ಅದನ್ನು ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಹಳೆಯದು ಕೊಡಲಾಗದ್ದನ್ನು ಹೊಸದು ಒಬ್ಬಳಿಗಾದರೂ ಕೊಟ್ಟಿತು. ನೀನು ಬರೆಯುವುದರಲ್ಲಿ ನಾನು ಹುಡುಕುವುದೂ ಅದನ್ನೇ.

ಈಗ ನೀನು ಮಾಡುವ ಕೆಲಸಕ್ಕೆ ಇನ್ನೂ ಹತ್ತಿರದ ಮಾತು. 'ಬಾಲಿಕಾ ವಧು' ಹಿಂದಿಯಲ್ಲಿ 2008ರಲ್ಲಿ ಶುರುವಾಯಿತು. ರಾಜಸ್ಥಾನದ ಬಾಲ್ಯವಿವಾಹದ ಕತೆ, ಸುರೇಖಾ ಸಿಕ್ರಿಯ ಆ ದಾದಿಸಾ. ನಾಲ್ಕು ವರ್ಷದ ನಂತರ, 2012ರ ಡಿಸೆಂಬರಿನಲ್ಲಿ, ಅದೇ ಕತೆ 'ಪುಟ್ಟಗೌರಿ ಮದುವೆ'ಯಾಗಿ ಕನ್ನಡಕ್ಕೆ ಬಂತು. ನಾನು ಆಗ ಮಸ್ಕಿಯಲ್ಲಿ ಪಾಠ ಹೇಳುತ್ತಿದ್ದೆ. ಬೆಂಗಳೂರಿನವರಿಗೆ ಅದು ಹಳೆಯ ಕಾಲದ ಕತೆಯಾಗಿತ್ತೇನೋ. ನಮಗೆ ಹಾಗಲ್ಲ. ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿ ಬೇಸಿಗೆ ರಜೆಯ ನಂತರ ಬಾರದ ಹೆಸರುಗಳು ಇರುತ್ತಿದ್ದವು. ಕೇಳಲು ಹೋದರೆ, "ಮುದುಕಿ ಸಾಯೋದ್ರೊಳಗ ಮದ್ವಿ ನೋಡ್ಬೇಕಂತಾಳ್ರಿ" ಅನ್ನುವ ಉತ್ತರ. ಧಾರಾವಾಹಿ ಶುರುವಾದ ಮೊದಲ ವರ್ಷ ಹುಡುಗಿಯರೆಲ್ಲ ಗೌರಿಯ ಮಾತೇ ಆಡುತ್ತಿದ್ದರು. ಒಂದು ದಿನ ಒಬ್ಬ ಹುಡುಗಿಯ ತಾಯಿ, ಹತ್ತಿ ಬಿಡಿಸಿ ಬಂದವಳು, ಶಾಲೆಯ ಗೇಟಿನಲ್ಲಿ ನಿಂತು ನನ್ನನ್ನು ಕೇಳಿದಳು: "ಟೀಚರ್ರೀ, ಆ ಗೌರಿದು ಮುಂದ ಏನಾಗ್ತದ್ರಿ?" ಆಕೆ ಕೇಳಿದ್ದು ಗೌರಿಯದಲ್ಲ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಮಗಳಿಗೆ ಗಂಡು ಗೊತ್ತು ಮಾಡುವ ಮಾತು ನಡೆದಿತ್ತು.

ಆ ಹುಡುಗಿ ಹತ್ತನೇ ತರಗತಿ ಮುಗಿಸಿದಳು. ಅದರಲ್ಲಿ ಧಾರಾವಾಹಿಯ ಪಾಲೆಷ್ಟು, ಅಂಗನವಾಡಿ ಕಾರ್ಯಕರ್ತೆಯ ಪಾಲೆಷ್ಟು, ಮಕ್ಕಳ ಸಹಾಯವಾಣಿ 1098ರ ಭಯದ ಪಾಲೆಷ್ಟು ಅಂತ ತೂಗಿ ಹೇಳಲಾರೆ. ಆದರೆ ಆ ತಾಯಿಗೆ ಪ್ರಶ್ನೆ ಹುಟ್ಟಿದ್ದು ರಾತ್ರಿ ಟಿವಿ ಮುಂದೆ. ಒಂದು ರಿಮೇಕು ಅಷ್ಟು ಮಾಡಬಲ್ಲದು. ಕರ್ನಾಟಕ ಸರ್ಕಾರ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಕಾನೂನು ತಂದಿತು. ದೇಶದ 2006ರ ಕಾಯ್ದೆಗಿಂತ ಅದು ದೊಡ್ಡ ಹೆಜ್ಜೆ. ಆ ಸುದ್ದಿ ಮಸ್ಕಿಯ ತಾಯಿಗೆ ತಲುಪಲು ಪುಟ್ಟಗೌರಿಗಿಂತ ಒಳ್ಳೆಯ ದಾರಿ ಯಾವುದಿತ್ತು? ಆದರೆ ಆ ಹೊತ್ತಿಗೆ ಗೌರಿ ದೊಡ್ಡವಳಾಗಿದ್ದಳು, ಕತೆ ಸಂಚು, ಸೇಡು, ಸವತಿಯ ಕಡೆ ಹೊರಳಿತ್ತು. 2019ರವರೆಗೂ ನಡೆಯಿತು. ಮೂಲದ ಕತೆಯನ್ನು ತಂದರು, ಮೂಲದ ಪ್ರಶ್ನೆಯನ್ನು ನಡುದಾರಿಯಲ್ಲಿ ಕೈಬಿಟ್ಟರು. ನನಗೆ ಇವತ್ತಿಗೂ ಸಂಕಟವಾಗುವುದು ಅಲ್ಲಿ. ಮುಂದೇನಾಗುತ್ತದೆ ಅಂತ ಕೇಳಿದ ಆ ತಾಯಿಗೆ ಯಾರೂ ಉತ್ತರ ಕೊಡಲಿಲ್ಲ.

ನಿನಗೆ ಗುರುವಾರ ಟಿಆರ್‌ಪಿ ಬರುತ್ತದೆ, ಅದರ ಮೇಲೆ ಶುಕ್ರವಾರ ಕತೆ ತಿರುಗುತ್ತದೆ ಅಂತ ನೀನೇ ಹೇಳಿದ್ದೀ. ನಾಳೆಯ ಎಪಿಸೋಡಿಗೆ ಇವತ್ತು ಮಾತು ಬರೆಯುವ ಗಡಿಬಿಡಿ ನನಗೆ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ: ಕತೆಯ ಮೊದಲ ಪ್ರಶ್ನೆ ಏನಿತ್ತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೋ.

ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬಂದದ್ದು 1998ರಲ್ಲಿ, ಚಂದನದಲ್ಲಿ. ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಗಿದ್ದರು. ಮಧ್ಯಮವರ್ಗದ ಮನೆಗಳು, ಕೋರ್ಟು, ಓದಿದ ಹೆಣ್ಣುಮಕ್ಕಳು, ನಟಿ ಮಾಳವಿಕಾ ಮಾತಾಡಿದರೆ ನಾವು ಸ್ಟಾಫ್ ರೂಮಿನಲ್ಲಿ ಮರುದಿನ ಅದನ್ನೇ ಚರ್ಚಿಸುತ್ತಿದ್ದೆವು. 2022ರಲ್ಲಿ ಅದೇ ಮೂವರು 'ಮತ್ತೆ ಮಾಯಾಮೃಗ' ಅಂತ ಸಿರಿ ಕನ್ನಡದಲ್ಲಿ ಶುರು ಮಾಡಿದರು. ಹಳೆಯ ಕತೆಯನ್ನೇ ಹೊಸ ಮುಖಗಳಿಂದ ಆಡಿಸಲಿಲ್ಲ. ಆ ಜನ ಈಗ ಏನಾಗಿದ್ದಾರೆ, ಅವರ ಮಕ್ಕಳು ಹೇಗಿದ್ದಾರೆ ಅಂತ ಕೇಳಿದರು. ಪಾತ್ರಗಳಿಗೂ ನಮ್ಮ ಹಾಗೆ ವಯಸ್ಸಾಗಿತ್ತು. ಹಳೆಯದನ್ನು ಮರಳಿ ತರುವ ದಾರಿಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಇದು. ಪಾಪ ಪಾಂಡು, ಸಿಲ್ಲಿ ಲಲ್ಲಿ ಕೂಡ ಮರಳಿ ಬಂದವು, ನಿಮ್ಮಪ್ಪ ನಕ್ಕರು, ನಾನು ಅಷ್ಟಾಗಿ ನೋಡಲಿಲ್ಲ.

ಹೇಳಿದ್ದನ್ನೇ ಮತ್ತೆ ಹೇಳುವುದು ಅಂದರೆ ಇನ್ನೊಂದು ನೆನಪಾಗುತ್ತದೆ. ಮಸ್ಕಿಯ ಶಾಸನದ ಬಂಡೆಗೆ ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ಅಶೋಕ ಅದೇ ಶಾಸನವನ್ನು ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಕೊಪ್ಪಳದ ಗವಿಮಠದಲ್ಲಿ, ಎಷ್ಟೋ ಕಡೆ ಕೊರೆಸಿದ್ದಾನೆ. ಮಾತು ಹೆಚ್ಚುಕಡಿಮೆ ಒಂದೇ: ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಅಂತ. 1915ರವರೆಗೆ ತಿಳಿದಿದ್ದ ಬೇರೆ ಕಡೆಗಳಲ್ಲಿ ಅರಸನನ್ನು 'ದೇವಾನಾಂಪ್ರಿಯ' ಅಂತಷ್ಟೇ ಕರೆದಿತ್ತು. ಆ ವರ್ಷ ಸಿ. ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆಯನ್ನು ಕಂಡಾಗ ಅದರಲ್ಲಿ 'ಅಶೋಕ' ಅನ್ನುವ ಹೆಸರಿತ್ತು. ಆ ದೇವಾನಾಂಪ್ರಿಯ ಯಾರು ಅನ್ನುವುದು ಗಟ್ಟಿಯಾದದ್ದು ನಮ್ಮೂರಿನ ಆ ನಕಲಿನಿಂದ. ನಿನ್ನ ರಿಮೇಕೂ ಹಾಗಿರಲಿ ಅನ್ನುವುದು ನನ್ನ ಆಸೆ. ಮಾತು ಹಳೆಯದೇ ಆಗಿರಲಿ, ಉಳಿದವರು ಕೊರೆಯದೆ ಬಿಟ್ಟದ್ದು ನಿನ್ನದರಲ್ಲಿ ಇರಲಿ.

ನಮ್ಮ ಊರುಗಳು ಅದರಲ್ಲಿ ಬರಲಿ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದಾಗ ಮಾಲ್ಗುಡಿ ಅನ್ನುವ ಊರು ನಕ್ಷೆಯಲ್ಲೇ ಇರಲಿಲ್ಲ. ಆಗುಂಬೆಯ ಮನೆ, ಮಳೆ, ಬೀದಿ ಅದಕ್ಕೆ ಮೈ ಕೊಟ್ಟವು. ಅವರು ತೀರಿಹೋದ ಎಷ್ಟೋ ವರ್ಷದ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ಅದರ ಹೊಸ ಕಂತುಗಳನ್ನು ಮಾಡಿದಾಗ ನಾವು ಮೊದಲು ಹುಡುಕಿದ್ದೂ ಆ ಬೀದಿಗಳನ್ನೇ. ಈಗಿನ ಧಾರಾವಾಹಿಗಳ ಮನೆ ಎಲ್ಲಿದೆ ಅಂತ ಹೇಳು ನೋಡೋಣ. ಅದೇ ದೊಡ್ಡ ಬಂಗಲೆ, ಅದೇ ಮೆಟ್ಟಿಲು. ನಿನ್ನ ನಾಯಕಿಯ ಗಂಡನ ಮನೆ ಸಿಂಧನೂರಿನ ಅಕ್ಕಿ ಗಿರಣಿಯ ಹಿಂದೆ ಇದ್ದರೆ ಏನಾಗುತ್ತದೆ? ಗೇಟು ಕೊಚ್ಚಿಹೋದ ಆ ವಾರ ಅವರ ಮನೆಯಲ್ಲಿ ಸೊಸೆಯ ಬಂಗಾರ ಒತ್ತೆ ಇಡುವ ಮಾತು ಬಂದರೆ? ಅದಕ್ಕಿಂತ ದೊಡ್ಡ ಸಂಚು ಯಾವ ಅತ್ತೆ ಮಾಡಬೇಕು?

ಇನ್ನೊಂದು ನೋವಿದೆ, ನಿನಗೂ ಇದೆ. ನಮ್ಮ ಮಾತು ಟಿವಿಯಲ್ಲಿ ಬಂದರೆ ಕೆಲಸದಾಕೆಯ ಬಾಯಲ್ಲಿ, ಇಲ್ಲ ನಗಿಸುವವನ ಬಾಯಲ್ಲಿ ಬರುತ್ತದೆ. ಕೆಲಸದಾಕೆ ಕೀಳಲ್ಲ, ಆದರೆ ನಮ್ಮ ಮಾತಿನಲ್ಲಿ ಡಾಕ್ಟರೂ ಮಾತಾಡುತ್ತಾರೆ, ವಕೀಲರೂ ಮಾತಾಡುತ್ತಾರೆ, ಪ್ರೀತಿಯನ್ನೂ ಮಾಡುತ್ತಾರೆ. ನೀನು ಕಾಲೇಜಿಗೆ ಹೋದ ಮೊದಲ ವರ್ಷ ನಿನ್ನ ಮಾತು ಕೇಳಿ ನಕ್ಕರು ಅಂತ ಫೋನಿನಲ್ಲಿ ಅತ್ತಿದ್ದೆ. ಆಮೇಲೆ ನಿನ್ನ ಮಾತು ಬದಲಾಯಿತು, ನನ್ನ ಹತ್ತಿರ ಮಾತ್ರ ಹಳೆಯದು ಉಳಿಯಿತು. ಆ ಉಳಿದದ್ದನ್ನು ಈಗ ನಾಯಕಿಗೆ ಕೊಡು. ಚಾನೆಲ್ಲಿನವರು ಒಪ್ಪಲಿಕ್ಕಿಲ್ಲ. ಒಂದು ದೃಶ್ಯದಲ್ಲಿ ಕೊಟ್ಟು ನೋಡು, ಅವಳು ತಾಯಿಗೆ ಫೋನು ಮಾಡುವ ದೃಶ್ಯದಲ್ಲಿ ಕೊಟ್ಟು ನೋಡು. ಅಲ್ಲಿ ಬೇರೆ ಮಾತು ಬರುವುದೇ ಸುಳ್ಳು.

ನಿನ್ನ ನಿದ್ದೆಯದೇ ನನಗೆ ಚಿಂತೆ. ರಾತ್ರಿ ಎರಡಕ್ಕೆ ಮಾತು ಕಳಿಸಿ ಬೆಳಿಗ್ಗೆ ಏಳಕ್ಕೆ ಮತ್ತೆ ತಿದ್ದುವುದು ಎಷ್ಟು ದಿನ ನಡೆಯುತ್ತದೆ? ಊಟ ತಪ್ಪಿಸಬೇಡ. ಬುಧವಾರದ ರಾತ್ರಿ ಬಸ್ಸಿಗೆ ಡಬ್ಬಿ ಕಳಿಸುತ್ತೇನೆ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಜೊತೆಯಲ್ಲಿ ಕೂತು ಬರೆಯುವ ಹುಡುಗಿಯರಿಗೂ ಕೊಡು. ಅಜ್ಜಿ ಒಂದು ನೂರು ರೂಪಾಯಿ ನೋಟು ಕೊಟ್ಟಿದ್ದಾಳೆ, ಹಿಂಡಿಯ ಪೊಟ್ಟಣದ ಕೆಳಗಿದೆ, ನೋಡದೆ ಡಬ್ಬಿ ತೊಳೆದೀಯೆ.

ಒಂದು ಕೇಳುವುದಿತ್ತು. ಹಳೆಯ ಧಾರಾವಾಹಿಯಲ್ಲಿ ನಾಯಕಿಯ ತಾಯಿಗೆ ಹೆಸರೇ ಇರಲಿಲ್ಲ, ಒನ್‌ಲೈನಿನಲ್ಲಿ ಈಗಲೂ 'ನಾಯಕಿಯ ತಾಯಿ' ಅಂತಷ್ಟೇ ಇದೆ ಅಂದಿದ್ದೆಯಲ್ಲ. ಆಕೆಗೆ ಏನು ಹೆಸರಿಡುತ್ತೀ? ಆಕೆಯ ತವರು ಯಾವುದು, ಎಷ್ಟು ಓದಿದ್ದಾಳೆ, ಇವತ್ತಿನವರೆಗೆ ಏನು ಕೆಲಸ ಮಾಡಿದ್ದಾಳೆ? ಗೊತ್ತಾದ ಮೇಲೆ ಫೋನು ಮಾಡು.

ನಿನ್ನ
ಅವ್ವ